ಐದು ತಂಡ, ಒಂದು ವೇದಿಕೆ, ರಾತ್ರಿ ಹತ್ತರ ಗಡುವು: ಧಾರವಾಡದ ಒಂದು ಬಯಲು ಸಂಗೀತ ಕಛೇರಿಯ ಪ್ರಕರಣ

ರಾತ್ರಿ 9.41ಕ್ಕೆ ಹಿಂದೂಸ್ತಾನಿ ಗಾಯಕರಾದ ಬುವಾ ಅವರು ವೇದಿಕೆಗೆ ಬಂದು ಕೂತರು. ತಂಬೂರಿ ಶ್ರುತಿ ಮಾಡಬೇಕಿತ್ತು. ಇಬ್ಬನಿಗೆ ತಬಲಾ ಇಳಿದುಹೋಗಿತ್ತು. ತಬಲಾದವರು ಶ್ರುತಿ ಏರಿಸಲು ಸುತ್ತಿಗೆ ತೆಗೆದು ಬದಿಯ ಮರದ ಗಟ್ಟಿಗಳನ್ನು ಬಡಿಯತೊಡಗಿದರು. ಮೈಕ್ ಆನ್ ಇದ್ದದ್ದರಿಂದ ಆ ಟಕ್ ಟಕ್ ಬಯಲಿನ ತುಂಬಾ ಕೇಳಿಸಿತು. ಹಿಂದಿನ ಸಾಲಿನಿಂದ ಯಾರೋ ಸೀಟಿ ಹೊಡೆದರು. 9.48ಕ್ಕೆ ಹಾಡು ಶುರುವಾಯಿತು. 9.59ಕ್ಕೆ ಮುಗಿಯಿತು. ನಾವು ಅವರಿಗೆ ಹೇಳಿದ್ದು ಒಂದು ತಾಸು, ಕೊಟ್ಟದ್ದು 11 ನಿಮಿಷ.

ಆ ದಿನ ವೇದಿಕೆ ನಿರ್ವಹಣೆ ನನ್ನದು. ತಪ್ಪಿನಲ್ಲಿ ದೊಡ್ಡ ಪಾಲೂ ನನ್ನದೇ. ಆ ಮೇಲೆ ಇದನ್ನು ಹಲವು ಸಲ ಲೆಕ್ಕ ಹಾಕಿ ನೋಡಿದ್ದೇನೆ. ಇಂಥ ಕಾರ್ಯಕ್ರಮ ಮಾಡಹೊರಟವರಿಗೆ ಉಪಯೋಗವಾದೀತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ಸಂಘದ ಹೆಸರು, ಕಲಾವಿದರ ಹೆಸರು ಬೇಡ. ಅವರಲ್ಲಿ ಯಾರೂ ತಪ್ಪು ಮಾಡಲಿಲ್ಲ.

ಏನು ಮಾಡಹೊರಟಿದ್ದೆವು

ಧಾರವಾಡದ ಅಂಚಿನಲ್ಲಿ ಒಂದು ಬಯಲು. ಜನವರಿಯ ಒಂದು ಶನಿವಾರ. ಗೆಳೆಯರೆಲ್ಲ ಕೈಯಿಂದ ದುಡ್ಡು ಹಾಕಿ, ಒಂದಿಷ್ಟು ಅಂಗಡಿಯವರಿಂದ ಸಹಾಯ ಪಡೆದು ಹೊರಟಿದ್ದೆವು. ಒಂದೇ ಸಂಜೆ ಐದು ಬಗೆಯ ಸಂಗೀತ. ಶಿಗ್ಗಾಂವಿ ಕಡೆಯ ಹಳ್ಳಿಯೊಂದರ ಭಜನಾ ತಂಡದಿಂದ ಶರೀಫರ ತತ್ವಪದ. ಹುಬ್ಬಳ್ಳಿ ಕಡೆಯ ಜಗ್ಗಲಿಗೆ ಅನ್ನೋ ದೊಡ್ಡ ಚರ್ಮವಾದ್ಯದ ತಂಡ. ಸಿತಾರ್. ಹುಬ್ಬಳ್ಳಿಯ ಕಾಲೇಜು ಹುಡುಗರ ರಾಕ್ ಬ್ಯಾಂಡ್. ಕೊನೆಗೆ ಹಿಂದೂಸ್ತಾನಿ ಗಾಯನ. ನಡುವೆ ಎಲ್ಲರೂ ಸೇರಿ ಒಂದು ತತ್ವಪದ.

ಹಲವು ಬಗೆಯ ಹಾಡು ಒಟ್ಟಿಗೆ ಕೇಳುವುದು ಈ ಭಾಗಕ್ಕೆ ಹೊಸದಲ್ಲ. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದವರು. ಪಂಚಾಕ್ಷರಿ ಗವಾಯಿಗಳು ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತು ಕಲಿಸಿದವರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೂತು ಎಷ್ಟು ವಾದ್ಯ ನುಡಿಸಿದರು, ನಾಟಕಗಳನ್ನೂ ಬರೆದರು. ಆ ಆಶ್ರಮದಲ್ಲಿ ವಚನ, ಖಯಾಲ್, ನಾಟಕದ ಪದ ಎಲ್ಲಾ ಒಂದೇ ಅಂಗಳದಲ್ಲಿ ನಡೆಯುತ್ತಿತ್ತು. ಹಾಗಾಗಿ 'ಮಂದಿಗೆ ಇದು ಒಗ್ಗುತ್ತದೋ ಇಲ್ಲವೋ' ಅನ್ನೋ ಚಿಂತೆ ನಮಗಿರಲಿಲ್ಲ. ಮಂದಿಗೆ ಒಗ್ಗಿತು ಕೂಡ. ಒಗ್ಗದೇ ಹೋದದ್ದು ಗಡಿಯಾರ, ಶ್ರುತಿ ಮತ್ತು ಇಬ್ಬನಿ.

ಮೊದಲು ಒಂದು ಶಾಲೆಯ ಮೈದಾನ ನೋಡಿದ್ದೆವು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಅಂತ ಘೋಷಿಸಬಹುದು ಅಂತ ಗೊತ್ತಾದ ಮೇಲೆ ಅದನ್ನು ಬಿಟ್ಟೆವು. ಊರ ಅಂಚಿನ ಬಯಲಾದರೆ ಹತ್ತಿರ ಮನೆಗಳೂ ಕಡಿಮೆ ಅಂದುಕೊಂಡೆವು. ಅದೇ ನಿಯಮದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಆದರೆ ಆ ಅಧಿಕಾರ ಇರುವುದು ರಾಜ್ಯ ಸರ್ಕಾರಕ್ಕೆ, ಊರಿನ ಠಾಣೆಗಲ್ಲ. ನಮಗೆ ಸಿಕ್ಕ ಅನುಮತಿ 10 ಗಂಟೆಯವರೆಗೆ.

ಕಾಗದದ ಮೇಲೆ ಎಲ್ಲಾ ಚೆನ್ನಾಗಿತ್ತು

ಸಂಜೆ 6ಕ್ಕೆ ತತ್ವಪದ, 35 ನಿಮಿಷ. ಆಮೇಲೆ ಜಗ್ಗಲಿಗೆ 20, ಸಿತಾರ್ 35, ಬ್ಯಾಂಡ್ 40, ಎಲ್ಲರೂ ಸೇರಿ 15. 8.50ಕ್ಕೆ ಗಾಯನ, ಪೂರ್ತಿ ಒಂದು ತಾಸು. ತಂಡ ಬದಲಾಗುವಾಗ ತಲಾ 5 ನಿಮಿಷ. 9.50ಕ್ಕೆ ವಂದನಾರ್ಪಣೆ. ಈ ಪಟ್ಟಿ ಬರೆದವನು ನಾನು. ಬರೆದು ಖುಷಿಪಟ್ಟವನೂ ನಾನೇ. ಈಗ ನೋಡಿದರೆ ನಗು ಬರುತ್ತದೆ. ನಾಲ್ಕು ತಾಸಿನ ಕಾರ್ಯಕ್ರಮದಲ್ಲಿ ಉಸಿರು ಬಿಡಲು ಒಂದು ನಿಮಿಷವೂ ಇಲ್ಲ.

ಆದದ್ದು ಹೀಗೆ. ಉದ್ಘಾಟನೆಯಿಂದಲೇ 40 ನಿಮಿಷ ಹೋಯಿತು. ದೀಪ ಹಚ್ಚಿದ್ದಾಯಿತು, ಭಾಷಣವಾಯಿತು, ಶಾಲು, ಹಾರ, ಹಣ್ಣಿನ ಬುಟ್ಟಿ ಆಯಿತು. ಸಹಾಯ ಮಾಡಿದವರನ್ನು ಒಬ್ಬೊಬ್ಬರಾಗಿ ಮೇಲೆ ಕರೆಯಬೇಕಿತ್ತು. ಬಿಟ್ಟರೆ ಬೇಜಾರು. ಅಷ್ಟರಲ್ಲಿ ಅರ್ಧ ಮಂದಿ ಎದ್ದು ಮಿರ್ಚಿ ಭಜಿ, ಗಿರ್ಮಿಟ್ ಗಾಡಿಯ ಕಡೆ ಹೋಗಿದ್ದರು.

6.40ಕ್ಕೆ ತತ್ವಪದ ಶುರು. ಚಪ್ಪಾಳೆಗೆ ಒಂದು ಪದ ಜಾಸ್ತಿಯಾಗಿ 7.20. ಜಗ್ಗಲಿಗೆ 7.28ರಿಂದ 7.53. ಸಿತಾರ್ ಕೂಡಿಸಲು 14 ನಿಮಿಷ. 8.07ರಿಂದ 8.37ರವರೆಗೆ ಸಿತಾರ್. ಬ್ಯಾಂಡಿನವರ ಡ್ರಮ್ಸ್ ಜೋಡಿಸಲು 22 ನಿಮಿಷ. ಅವರದು 8.59ರಿಂದ 9.29. ಕೂಡು ಹಾಡು 9 ನಿಮಿಷ. ಆಮೇಲೆ ಬುವಾ.

ತಂಡ ಬದಲಾಗಲು ಒಟ್ಟು 47 ನಿಮಿಷ ಹೋಗಿತ್ತು. ನಾನು ಇಟ್ಟಿದ್ದು 25. ಕಾರಣ ಬಹಳ ಸರಳ. ಭಜನೆಯವರು, ಸಿತಾರದವರು ಜಮಖಾನದ ಮೇಲೆ ಕೂರುತ್ತಾರೆ. ಮೈಕ್ ಸ್ಟ್ಯಾಂಡ್ ನೆಲಮಟ್ಟಕ್ಕೆ ಇಳಿಯಬೇಕು. ಬ್ಯಾಂಡಿನವರು ನಿಂತು ನುಡಿಸುತ್ತಾರೆ. ಜಮಖಾನ ತೆಗೆದು, ಪೆಟ್ಟಿಗೆ ತಂದು, ಸ್ಟ್ಯಾಂಡ್ ಏರಿಸಬೇಕು. ಅಂದರೆ ಪ್ರತಿ ಸಲ ಹೊಸ ವೇದಿಕೆ ಕಟ್ಟಿದ ಹಾಗೆ. ಅದರ ಮೇಲೆ ಮೈಕುಗಳನ್ನೆಲ್ಲ ಜೋಡಿಸುವ ನಮ್ಮ ಮಿಕ್ಸರ್ 24 ಚಾನೆಲ್‌ನದು. ಬ್ಯಾಂಡಿಗೆ 14, ಭಜನೆಗೆ 8, ಗಾಯನಕ್ಕೆ 6, ಜಗ್ಗಲಿಗೆ ಮತ್ತು ಸಿತಾರ್‌ಗೆ ನಾಲ್ಕು ನಾಲ್ಕು, ಒಟ್ಟು 36 ಬೇಕಿತ್ತು. ಹಾಗಾಗಿ ನಡುನಡುವೆ ಕೇಬಲ್ ಕಿತ್ತು ಬೇರೆಯದಕ್ಕೆ ಚುಚ್ಚಬೇಕಾಯಿತು. ಕತ್ತಲಲ್ಲಿ, ಮೊಬೈಲ್ ಟಾರ್ಚ್ ಹಿಡಿದು. ಸಿತಾರ್‌ನ ಲೈನಿನಲ್ಲಿ ಗುಂಯ್ ಅಂತ ಸದ್ದು ಬಂತು. ಜನರೇಟರಿನ ಅರ್ಥಿಂಗ್ ಸರಿಯಿರಲಿಲ್ಲ. ಅದನ್ನು ಹುಡುಕುವಷ್ಟರಲ್ಲಿ ಸಿತಾರ್ ವಾದಕರು ಎರಡು ಸಲ ಶ್ರುತಿ ಮಾಡಿ ಮುಗಿಸಿದ್ದರು. ಚಳಿಗೆ ತಂತಿ ಬಿಗಿದು ಏರುತ್ತದೆ, ಇಬ್ಬನಿಗೆ ತಬಲಾದ ಚರ್ಮ ಸಡಿಲಾಗಿ ಇಳಿಯುತ್ತದೆ. ಇಬ್ಬರೂ ಪಕ್ಕಪಕ್ಕ ಕೂತು ದೂರ ದೂರ ಹೋಗುತ್ತಿದ್ದರು.

ಜಗ್ಗಲಿಗೆಯ ನಂತರ ಸಿತಾರ್

ಜಗ್ಗಲಿಗೆ ಗೊತ್ತಿಲ್ಲದವರಿಗೆ ಒಂದು ಮಾತು. ಎತ್ತಿನ ಗಾಡಿಯ ಗಾಲಿಯಷ್ಟು ದೊಡ್ಡ ವಾದ್ಯ ಅದು. ಗಾಲಿಯ ಹಳಿಗೆ ಎಮ್ಮೆ ಚರ್ಮ ಬಿಗಿದು ಮಾಡಿದ್ದು. ಹುಬ್ಬಳ್ಳಿಯಲ್ಲಿ ಹೋಳಿ ಹೊತ್ತಿಗೆ ಬೀದಿಯಲ್ಲಿ ಉರುಳಿಸಿಕೊಂಡು ಬರುತ್ತಾರೆ. ಬಡಿದರೆ ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ. ಇಂಥದ್ದಕ್ಕೆ ನಮ್ಮ ಸೌಂಡಿನ ಹುಡುಗರು ನಾಲ್ಕು ಮೈಕ್ ಇಟ್ಟರು! ತಂಡದ ಹಿರಿಯರು ಮೈಕ್ ನೋಡಿ, "ಇದು ಯಾರಿಗ್ರೀ? ಮೈಕ್ ಇಲ್ದನ ನಮ್ಮ ಸಪ್ಪಳ ಅಮ್ಮಿನಭಾವಿ ಊರತನಕ ಕೇಳಸತೈತಿ." ಅಂದರು. ನಾನು ನಕ್ಕು ಸುಮ್ನಾದೆ. ಆಗಲೇ ಮೈಕ್ ತೆಗೆಸಬೇಕಿತ್ತು.

ಅವರು ಇನ್ನೊಂದು ಕೇಳಿದ್ದರು. ಚರ್ಮಕ್ಕೆ ಕಾವು ಕೊಡಲು ಸ್ವಲ್ಪ ಬೆಂಕಿ. ವೇದಿಕೆ ಹಿಂದೆ ಡೀಸೆಲ್ ಜನರೇಟರ್ ಇದೆ, ಬೆಂಕಿ ಆಗುವುದಿಲ್ಲ ಅಂದೆವು. ಸರಿಯೇ. ಆದರೆ ಬಯಲಿನ ಇನ್ನೊಂದು ಮೂಲೆಯಲ್ಲಿ ಜಾಗ ಕೊಡಬಹುದಿತ್ತಲ್ವಾ? ಅದು ಹೊಳೆಯಲಿಲ್ಲ. ಅವರು ಚರ್ಮ ಸಡಿಲವಾಗಿಯೇ ಬಡಿದರು. ಸರಿ ಬರಲಿಲ್ಲ ಅಂತ ಅವರಿಗೆ ಮಾತ್ರ ಗೊತ್ತಾಯಿತು. ಮಂದಿ ಕುಣಿದರು.

ಅದಾದ ಮೇಲೆ ಸಿತಾರ್ ಶುರುವಾಯಿತು. ಅಲ್ಲಿ ನನ್ನ ಪಟ್ಟಿಯ ತಪ್ಪು ಎದ್ದು ಕಂಡಿತು. 25 ನಿಮಿಷ ದೊಡ್ಡ ಸದ್ದಿಗೆ ಒಡ್ಡಿಕೊಂಡ ಕಿವಿ ಸ್ವಲ್ಪ ಹೊತ್ತು ಮಂದವಾಗಿರುತ್ತದೆ. ಇದು ಅಭಿರುಚಿಯ ಮಾತಲ್ಲ, ಕಿವಿಯ ಗುಣ. ಅಲ್ಲಿ ಆಲಾಪದ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವ ನಾದ) ಹುಡುಕಿದರೆ ಎಲ್ಲಿ ಸಿಗಬೇಕು? "ಕೇಳಸ್ವಲ್ದೂ" ಅಂತ ಹಿಂದಿನಿಂದ ಕೂಗಿದರು. ಸೌಂಡಿನವನು ಏರಿಸಿದ. ಮತ್ತೆ ಏರಿಸಿದ. ಸ್ಪೀಕರ್ ಕೂಂಯ್ ಅಂತ ಕೂಗಿತು. ಸಿತಾರದವರು ಆಲಾಪ ಅರ್ಧಕ್ಕೆ ಬಿಟ್ಟು ಸೀದಾ ತಬಲಾ ಜೊತೆ ನುಡಿಸುವ ಗತ್‌ಗೆ ಹೋದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಪೇಟಿ ಮತ್ತು ಕೀಬೋರ್ಡ್

ಕೂಡು ಹಾಡಿಗೆ ತಾಲೀಮು ಆಗಿತ್ತು. ಆದರೆ ಅರ್ಧ ವಾಟ್ಸಾಪಿನಲ್ಲಿ, ಅರ್ಧ ಹುಬ್ಬಳ್ಳಿಯ ಒಂದು ಕೋಣೆಯಲ್ಲಿ. ಭಜನೆಯ ಅಜ್ಜ ಅವತ್ತು ಬಸ್ಸಿನಲ್ಲಿ ಬಂದಿದ್ದರು. ಪೇಟಿ, ಅಂದರೆ ಹಾರ್ಮೋನಿಯಂ, ತಂದಿರಲಿಲ್ಲ. ಕೀಬೋರ್ಡ್ ಜೊತೆ ಹಾಡಿದರು, ಚೆನ್ನಾಗಿಯೇ ಹಾಡಿದರು. 'ಕರಿ ಒಂದು' (ಮೊದಲ ಕರಿ ಕೀಲಿಯೇ ಷಡ್ಜ) ಅಂತ ಮಾತಾಯಿತು. ಎಲ್ಲರೂ ಬರೆದುಕೊಂಡರು.

ವೇದಿಕೆ ಮೇಲೆ ಅಜ್ಜ ತಮ್ಮ ಪೇಟಿ ತೆಗೆದು ಕರಿ ಒಂದು ಒತ್ತಿದರು. ಹುಡುಗ ಕೀಬೋರ್ಡಿನಲ್ಲಿ ಕರಿ ಒಂದು ಒತ್ತಿದ. ಎರಡೂ ಸೇರಿ ಗರಗಸ ಎಳೆದ ಹಾಗೆ ಕೇಳಿಸಿತು. ಪೇಟಿಯ ಸ್ವರ ಕೀಬೋರ್ಡಿಗಿಂತ ಹೆಚ್ಚುಕಡಿಮೆ ಕಾಲು ಮೆಟ್ಟಿಲು ಮೇಲಿತ್ತು. ಹಳೆಯ ಹಾರ್ಮೋನಿಯಂಗಳಲ್ಲಿ ಇದು ಸಾಮಾನ್ಯ. ಒಳಗಿರುವ ಹಿತ್ತಾಳೆಯ ರೀಡನ್ನು ಒಬ್ಬೊಬ್ಬ ಕುಶಲಕರ್ಮಿ ಒಂದೊಂದು ಅಳತೆಗೆ ತಿಕ್ಕಿ ಕೂಡಿಸಿರುತ್ತಾನೆ. ಹೊಸ ಕೀಬೋರ್ಡುಗಳೆಲ್ಲ ನಡುವಿನ ಸಪ್ತಕದ 'ಎ' ಸ್ವರಕ್ಕೆ 440 ಅನ್ನೋ ಜಾಗತಿಕ ಅಳತೆ ಹಿಡಿದು ಬರುತ್ತವೆ. ಅಂದರೆ ಆರನೇ ಬಿಳಿ ಕೀಲಿಯ ಸ್ವರ ಸೆಕೆಂಡಿಗೆ 440 ಸಲ ಕಂಪಿಸುತ್ತದೆ. ಹಳ್ಳಿಯ ಪೇಟಿಗೂ ಈ 440ಕ್ಕೂ ಏನು ಸಂಬಂಧ? ಆ ಪೇಟಿ ಹೊಂದಬೇಕಾದದ್ದು ಹಾಡುವವರ ಗಂಟಲಿಗೆ ಮಾತ್ರ.

ಅಜ್ಜ ಕೀಬೋರ್ಡಿನ ಹುಡುಗನ ಕಡೆ ತಿರುಗಿ ಕೇಳಿದರು. "ತಮ್ಮಾ, ನಿಂದು ಕೆಳಗೈತೋ, ನಂದು ಮ್ಯಾಲೈತೋ?"

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಅವನ ಕೀಬೋರ್ಡಿನಲ್ಲಿ ಮಾಸ್ಟರ್ ಟ್ಯೂನ್ ಅಂತ ಒಂದು ಸೌಲಭ್ಯ ಇತ್ತು. ಗುಂಡಿ ಒತ್ತಿ ಇಡೀ ಕೀಬೋರ್ಡನ್ನು ಸ್ವಲ್ಪ ಏರಿಸಬಹುದು. ಅದನ್ನು ಅವನು ಯಾವತ್ತೂ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಗಿಟಾರ್, ಬಾಸ್ ಎರಡನ್ನೂ ಏರಿಸಬೇಕು. ಮುಂದೆ ಅಷ್ಟು ಮಂದಿ, ಗಂಟೆ ಒಂಬತ್ತೂವರೆ ಆಗಿದೆ.

ಅಜ್ಜ ಒಂದು ಕ್ಷಣ ಯೋಚಿಸಿ ಪೇಟಿಯ ಭಾತಿ ಮುಚ್ಚಿ ಕೊಕ್ಕೆ ಹಾಕಿದರು. ಹಿಂದೆ ಕೂತವನ ಕೈಯಿಂದ ಏಕತಾರಿ ಇಸಿದುಕೊಂಡರು. ಕೀಬೋರ್ಡಿನ ಷಡ್ಜಕ್ಕೆ ಕಿವಿ ಕೊಟ್ಟು ತಂತಿ ಒಂದಿಷ್ಟು ಇಳಿಸಿ ಹಾಡಲು ಶುರು ಮಾಡಿದರು. ಸಿತಾರದವರು ಆಗಲೇ ಕೂಡಿಕೊಂಡಿದ್ದರು. 15 ನಿಮಿಷದ ಹಾಡು 9 ನಿಮಿಷಕ್ಕೆ ಮುಗಿಯಿತು. ಆ ಸಂಜೆ ಬಂದ ಮಂದಿ ಇವತ್ತಿಗೂ ನೆನೆಸುವುದು ಈ 9 ನಿಮಿಷವನ್ನೇ. ನನಗೆ ಮಾತ್ರ ಅದು ಬೇರೆ ರೀತಿ ನೆನಪಿದೆ. ಎಪ್ಪತ್ತು ದಾಟಿದ ಮನುಷ್ಯ ತನ್ನ ಪೇಟಿ ಬದಿಗಿಟ್ಟು ನಮ್ಮ ತಯಾರಿಯ ಕೊರತೆ ತುಂಬಿಕೊಟ್ಟರು. ಎಲ್ಲರೂ ಒಂದಾದರು ಅಂತ ನಿರೂಪಕರು ಮೈಕಿನಲ್ಲಿ ಹೇಳಿದರು. ಒಂದಾಗಲು ಇಳಿದವರು ಒಬ್ಬರೇ.

ಒಂದೂವರೆ ಕಿಲೋಮೀಟರ್ ಆಚೆಯ ಫೋನ್

9.20ರ ಸುಮಾರಿಗೆ ಪೊಲೀಸರು ಬಂದರು. ಜೋರು ಮಾಡಲಿಲ್ಲ. "ಕಂಪ್ಲೇಂಟ್ ಬಂದೈತ್ರಿ ಸರ, ಹತ್ತಕ್ಕ ಬಂದ್ ಆಗಬೇಕು" ಅಂದರು, ಅಷ್ಟೇ. ದೂರು ಬಂದದ್ದು ಎಲ್ಲಿಂದ ಅಂತ ಕೇಳಿ ನಮಗೆ ಆಶ್ಚರ್ಯ. ಪಕ್ಕದ ಮನೆಗಳಿಂದಲ್ಲ. ಅವರೆಲ್ಲ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ದೂರು ಬಂದದ್ದು ಸುಮಾರು ಒಂದೂವರೆ ಕಿಲೋಮೀಟರ್ ಆಚೆಯ ಬಡಾವಣೆಯಿಂದ.

ಇದಕ್ಕೆ ಕಾರಣ ಜನವರಿಯ ರಾತ್ರಿ. ಹಗಲು ನೆಲ ಕಾದಿರುತ್ತದೆ, ಮೇಲಿನ ಗಾಳಿ ತಣ್ಣಗಿರುತ್ತದೆ. ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ಇದು ತಿರುಗಾಮುರುಗ. ನೆಲ ಬೇಗ ತಣಿಯುತ್ತದೆ, ಅದಕ್ಕೆ ಹತ್ತಿದ ಗಾಳಿ ತಂಪಾಗುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಆಗ ಸದ್ದು ಕೆಳಕ್ಕೆ ಬಾಗಿ ನೆಲದ ಗುಂಟ ಬಹಳ ದೂರ ಹೋಗುತ್ತದೆ. ರಾತ್ರಿ ದೂರದ ರೈಲು ಹತ್ತಿರವೇ ಬಂದ ಹಾಗೆ ಕೇಳುವುದೂ ಇದರಿಂದಲೇ. ಬಾಸ್ ಗಿಟಾರ್, ಕಿಕ್ ಡ್ರಮ್ಮಿನಂಥ ದಪ್ಪ ಸದ್ದನ್ನು ಗಾಳಿ, ಗೋಡೆ ಯಾವುದೂ ಅಷ್ಟಾಗಿ ತಡೆಯುವುದಿಲ್ಲ. ಬಡಾವಣೆಯವರಿಗೆ ಹಾಡು ಕೇಳಿಸಿರಲಿಕ್ಕಿಲ್ಲ. ಬರೀ ಧಬ್ ಧಬ್ ಕೇಳಿಸಿರಬೇಕು. ಹಾಡಿಲ್ಲದ ಧಬ್ ಧಬ್ ಯಾರಿಗೆ ಬೇಕು? ಅವರ ದೂರು ನ್ಯಾಯವಾದದ್ದೇ. ಹತ್ತಿರ ಮನೆ ಇಲ್ಲ ಅಂತ ಊರ ಅಂಚಿಗೆ ಹೋದ ನಮ್ಮ ಜಾಣತನ ಅಲ್ಲಿಗೆ ಮುಗಿಯಿತು.

ಬುವಾ ಹೇಳಿದ ಮಾತು

ಮರುದಿನ ನಾವು ಮೂವರು ಕ್ಷಮೆ ಕೇಳಲು ಬುವಾ ಅವರ ಮನೆಗೆ ಹೋದೆವು. ಚಹಾ ಬಂತು. ನಾನು ಒಂದೊಂದೇ ಕಾರಣ ಹೇಳತೊಡಗಿದೆ. ಹಿರಿಯರನ್ನು ಕೊನೆಗೆ ಕೂಡಿಸುವುದು ಗೌರವ, ಅದಕ್ಕೇ ಹಾಗೆ ಮಾಡಿದೆವು ಅಂದೆ. ಈ ಭಾಗದಲ್ಲಿ ಅದು ನಿಜವೂ ಹೌದು. ಸವಾಯಿ ಗಂಧರ್ವರ ಊರು ಕುಂದಗೋಳದಲ್ಲಿ, ನಾಡಿಗೇರ ವಾಡೆಯಲ್ಲಿ ರಾತ್ರಿಯೆಲ್ಲ ಸಂಗೀತ ನಡೆಯುತ್ತಿತ್ತು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ತಮ್ಮ ಗುರುವಿನ ಹೆಸರಿನಲ್ಲಿ ಅಲ್ಲಿ ಹಾಡಿದವರು. ಕಿರಿಯರು ಮೊದಲು, ಹಿರಿಯರು ಕೊನೆಗೆ. ಆದರೆ ಬೆಳಗಿನವರೆಗೂ ಹಾಡುವ ಜಾಗದಲ್ಲಿ ಕೊನೆ ಅನ್ನೋದು ಎಷ್ಟು ಬೇಕಾದರೂ ಉದ್ದ. ಹತ್ತು ಗಂಟೆಗೆ ಸ್ವಿಚ್ ಆರಿಸುವ ಕಡೆ ಕೊನೆ ಅಂದರೆ ಉಳಿದವರು ತಿಂದು ಬಿಟ್ಟ ಸಮಯ.

ಬುವಾ ಪೂರ್ತಿ ಕೇಳಿಸಿಕೊಂಡು ಹೇಳಿದರು. "ನನ್ನ ಕೊನೀಗೆ ಕೂಡಸ್ರಿ ಅಂತ ನಾ ಯಾವಾಗ ಕೇಳಿದ್ದೆ? ನೀವರ ನನ್ನ ಯಾವಾಗ ಕೇಳಿದ್ರಿ?"

ಕೇಳಿರಲಿಲ್ಲ. ಐದು ತಂಡಗಳಲ್ಲಿ ಯಾರನ್ನೂ ಕೇಳಿರಲಿಲ್ಲ. ನಾವೇ ಗೌರವದ ಲೆಕ್ಕ ಹಾಕಿ ಪಟ್ಟಿ ಮಾಡಿದ್ದೆವು. ಆಮೇಲೆ ಅವರೇ ಹೇಳಿದರು. ಜನವರಿಯಲ್ಲಿ ಆರೂಕಾಲರ ಸುಮಾರಿಗೆ ಹೊತ್ತು ಮುಳುಗುತ್ತದೆ. ಮಾರವಾ, ಪೂರಿಯಾ, ಶ್ರೀ ಇವೆಲ್ಲ ಆ ಹೊತ್ತಿನ ರಾಗ. ಕಾರ್ಯಕ್ರಮಗಳು ಶುರುವಾಗುವಷ್ಟರಲ್ಲಿ ಆ ಹೊತ್ತು ದಾಟಿರುತ್ತದೆ. ಬಯಲಲ್ಲಿ ಆಕಾಶ ಕೆಂಪಾಗುವಾಗ ಮಾರವಾ ಹಾಡುವ ಅವಕಾಶ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಸಲ ಅಂತೆ. ಆ ಅವಕಾಶ ನಮ್ಮ ಕೈಯಲ್ಲೇ ಇತ್ತು. ಅದನ್ನು ಶಾಲು ಹಾರಕ್ಕೆ ಕೊಟ್ಟಿದ್ದೆವು.

ಮರುವರ್ಷ

ಮರುವರ್ಷ ಮತ್ತೆ ಮಾಡಿದೆವು. ಅದೇ ಬಯಲು, ಅದೇ ಐದು ತಂಡ. ಈ ಸಲ ಪಟ್ಟಿ ಮಾಡುವ ಮೊದಲು ಐದೂ ಕಡೆ ಹೋಗಿ ಕೂತು ಮಾತಾಡಿದೆ. ಸನ್ಮಾನವನ್ನು ಹಿಂದಿನ ದಿನದ ಊಟಕ್ಕೆ ಸೇರಿಸಿದೆವು. ಒಂದಿಬ್ಬರಿಗೆ ಬೇಸರವಾಯಿತು, ಒಬ್ಬರು ಈ ಸಲ ದುಡ್ಡು ಕೊಡಲಿಲ್ಲ. ಆಗಲಿ.

ವೇದಿಕೆ ಎರಡು ಮಾಡಿದೆವು. ಕೂರುವವರಿಗೆ ಒಂದು ಚಿಕ್ಕ ಕಟ್ಟೆ, ನಿಲ್ಲುವವರಿಗೆ ಇನ್ನೊಂದು. ಒಂದು ಕಡೆ ನಡೆಯುವಾಗ ಇನ್ನೊಂದು ಕಡೆ ತಯಾರಿ. ಮೊದಲು ಬುವಾ, ಆಮೇಲೆ ಸಿತಾರ್, ಆಮೇಲೆ ತತ್ವಪದ. ಮೆತ್ತಗಿನದು ಮೊದಲು, ಜೋರು ಕೊನೆಗೆ. ಬ್ಯಾಂಡಿನವರು 9.20ಕ್ಕೆ ಮುಗಿಸಿದರು. ಸಬ್‌ವೂಫರ್ (ದಪ್ಪ ಸದ್ದಿನ ಸ್ಪೀಕರ್) ಮೂರರಲ್ಲಿ ಒಂದನ್ನು ಹಿಂದಕ್ಕೆ ತಿರುಗಿಸಿ, ಅದರ ಸದ್ದು ಉಳಿದೆರಡರ ಹಿಂಬದಿಯ ಸದ್ದನ್ನು ಕಡಿತ ಮಾಡುವಂತೆ ಹೊಂದಿಸಿದೆವು. ಹಿಂಬದಿ ಅಂದರೆ ಬಡಾವಣೆಯ ದಿಕ್ಕು. ಈ ಸಲ ಫೋನ್ ಬರಲಿಲ್ಲ.

ಬ್ಯಾಂಡಿನವರು ವಾರದ ಮೊದಲೇ ಶಿಗ್ಗಾಂವಿ ಬಸ್ಸು ಹತ್ತಿ ಅಜ್ಜನ ಊರಿಗೆ ಹೋಗಿ ಬಂದರು. ಕೀಬೋರ್ಡು, ಗಿಟಾರು, ಬಾಸು ಮೂರನ್ನೂ ಅಜ್ಜನ ಪೇಟಿಯ ಕರಿ ಒಂದಕ್ಕೆ ಏರಿಸಿಕೊಂಡರು. ಇಡೀ ಸಂಜೆ ಅವರ ಹಾಡೆಲ್ಲ ಅದೇ ಶ್ರುತಿಯಲ್ಲಿ ನಡೆದವು. ಕೇಳಿದವರಲ್ಲಿ ಒಬ್ಬರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಜಗ್ಗಲಿಗೆಯವರನ್ನು ವೇದಿಕೆಗೆ ಹತ್ತಿಸಲೇ ಇಲ್ಲ. ಮೈಕ್ ಇಲ್ಲ. ಬಯಲಿನ ಮೂಲೆಯಲ್ಲಿ ಕಾವು ಕೊಟ್ಟುಕೊಂಡು, ಮಂದಿಯ ನಡುವೆ ಉರುಳಿಸಿಕೊಂಡು ಬಂದರು. ಆ 20 ನಿಮಿಷದಲ್ಲಿ ಡ್ರಮ್ಸ್ ಕೊನೆಯ ಪರೀಕ್ಷೆ ಮುಗಿದಿತ್ತು. ತಂಡ ಬದಲಾಗುವ ಖಾಲಿ ಹೊತ್ತೇ ಆ ಸಂಜೆಯ ಅತಿ ಜೋರಾದ ಹೊತ್ತಾಯಿತು. ಈ ಒಂದು ಏರ್ಪಾಟಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ.

ಒಂದು ಸರಿಹೋಗಲಿಲ್ಲ. 6 ಗಂಟೆಗೆ ಬುವಾ ಹಾಡಲು ಕೂತಾಗ ಕುರ್ಚಿಗಳಲ್ಲಿ ಮಂದಿಯೇ ಇರಲಿಲ್ಲ. ಶನಿವಾರ, ಅಂಗಡಿ ಆಫೀಸು ಮುಗಿಸಿ ಬರುವವರು ಏಳರ ಮೇಲೆಯೇ ಬರುವುದು. ಬೇಗ ಬನ್ನಿ ಅಂತ ಎಷ್ಟು ಹೇಳಿದರೂ, ಬಯಲು ಕಾರ್ಯಕ್ರಮ ಹೇಳಿದ ಹೊತ್ತಿಗೆ ಶುರುವಾಗುತ್ತದೆ ಅಂತ ಯಾರೂ ನಂಬುವುದಿಲ್ಲ. ಹಿಂದಿನ ವರ್ಷ ನಾವೇ ಅದನ್ನು ಕಲಿಸಿದ್ದೆವಲ್ಲ. ಎಣಿಸಿದರೆ ಕೇಳುಗರು ಅರವತ್ತು ದಾಟುತ್ತಿರಲಿಲ್ಲ. ಅದರಲ್ಲೂ ನಲವತ್ತರಷ್ಟು ಮಂದಿ ಬೇರೆ ತಂಡದವರೇ. ಎಲ್ಲರೂ 4ಕ್ಕೇ ಬರಬೇಕು ಅಂತ ನಾನು ಹೇಳಿದ್ದರಿಂದ ಬಂದು ಕೂತಿದ್ದವರು. ಡ್ರಮ್ಸಿನ ಹುಡುಗ ಚಪ್ಪಲಿ ಬಿಟ್ಟು ಜಮಖಾನದ ಅಂಚಿನಲ್ಲಿ ಕೂತಿದ್ದ. ಭಜನೆಯ ಅಜ್ಜ ಕಣ್ಣು ಮುಚ್ಚಿದ್ದರು.

ಜಗ್ಗಲಿಗೆಯ ಹಿರಿಯರು ನನ್ನ ಪಕ್ಕ ನೆಲದ ಮೇಲೆ ಕೂತಿದ್ದರು. ವಿಲಂಬಿತ ಏಕತಾಲ, ಅಂದರೆ ಹನ್ನೆರಡು ಮಾತ್ರೆಯ ಬಹಳ ನಿಧಾನದ ತಾಳ, ನಡೆದಿತ್ತು. ಒಂದು ಆವರ್ತನ ಮುಗಿದು ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬರುವಷ್ಟರಲ್ಲಿ ಅವರು ಎರಡು ಸಲ ತಲೆ ಎತ್ತಿ ತಬಲಾದ ಕಡೆ ನೋಡಿದರು. ಮೂರನೇ ಸಲಕ್ಕೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಸರ, ಇಷ್ಟ ಸಾವಕಾಶ ನಾವು ಬಡದರ, ಹೋಳಿ ಮೆರವಣಿಗಿ ದೀಪಾವಳಿಗೆ ಮನೀ ಮುಟ್ಟತೈತಿ."

ಅಂದರು ನಿಜ. ಆದರೆ ಬುವಾ ಏಳುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.